ಶಂಕ್ರೆಪ್ಪನ ದೋಣಿ ಪಾಳಿ

ನನಗೆ ನಾಯಿ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಲೋಲಾಕ್ಷಿಗೆ ವಯಸ್ಸಾಯಿತು, ಮನಸ್ಸು ಮೆತ್ತಗಾಯಿತು ಎಂದು ಯಾರೂ ಕಥೆ ಕಟ್ಟುವುದು ಬೇಡ. ಕಾರ್ಕಳದ ಕಡೆಯಿಂದ ಡೊಂಬಿವಲಿಗೆ ಮದುವೆಯಾಗಿ ಬಂದ ಮೇಲೆ ಇವತ್ತಿನವರೆಗೆ ನಾನು ಒಂದು ನಾಯಿಗೂ ಒಂದು ತುಂಡು ದೋಸೆ ಹಾಕಿದವಳಲ್ಲ. ನನ್ನ ಗಂಡ ಹರಿಶ್ಚಂದ್ರರಿಗೆ ಸ್ಟೇಷನ್ ಹತ್ತಿರ ಹೋಟೆಲು. ಅವರು ಹಿಂಬಾಗಿಲಲ್ಲಿ ಮಿಕ್ಕ ಇಡ್ಲಿ ನಾಯಿಗಳಿಗೆ ಹಾಕುತ್ತಾರೆಂದು ನಾನು ಆಡಿದ ಜಗಳಕ್ಕೆ ಲೆಕ್ಕವಿಲ್ಲ. ಇಂಥವಳು ಒಬ್ಬ ನಾಯಿ ಹಿಡಿಯುವವನ ವಿಷಯ ಬರೆಯಲು ಕೂತಿದ್ದೇನೆ ಎಂದರೆ ಅದಕ್ಕೆ ಆ ಮನುಷ್ಯ ಕಾರಣ, ನಾಯಿ ಅಲ್ಲ.

ಅವನ ಹೆಸರು ಶಂಕ್ರೆಪ್ಪ. ಮೊದಲು ನೋಡಿದ್ದು ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ. ನಮ್ಮ ಕಾರಿನ ಅಡಿಗೆ ಒಂದು ಕಪ್ಪು ನಾಯಿ ಹೊಕ್ಕು ಕೂತು, ಹತ್ತಿರ ಹೋದವರಿಗೆಲ್ಲ ಹಲ್ಲು ತೋರಿಸುತ್ತಿತ್ತು. ಫೋನು ಮಾಡಿ ಕರೆಸಿದ್ದಕ್ಕೆ ಜಾಳಿಗೆ ಹಾಕಿದ ವ್ಯಾನು ಬಂತು. ನಾನು ಕೆಳಗಿಳಿದು ನೋಡಿದರೆ ಬಂದ ಮನುಷ್ಯ ಕಾರಿಗೆ ಬೆನ್ನು ಹಾಕಿ, ನೆಲದ ಮೇಲೆ ಕಾಲು ಚಾಚಿ ಕೂತಿದ್ದಾನೆ! ಕೈಯಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಒಂದು ಗೋಣಿಚೀಲ. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ ತನ್ನಷ್ಟಕ್ಕೆ ಏನೋ ಮಾತಾಡುತ್ತಿದ್ದಾನೆ. ನನಗೆ ಪಿತ್ತ ನೆತ್ತಿಗೇರಿತು. ಗಂಡನಿಗೆ ಫೋನು ಹಚ್ಚಿ, "ಇವನೆಂತ ನಾಯಿ ಹಿಡಿಯುವವ ಮಾರಾಯ್ರೆ? ಪಿಕ್‌ನಿಕ್ಕಿಗೆ ಬಂದ ಹಾಗೆ ಕೂತಿದ್ದಾನೆ. ಇವನಿಗಿಂತ ನಮ್ಮ ವಾಚ್‌ಮನ್ನೇ ವಾಸಿ" ಎಂದು ಗಂಟಲು ಹರಿಯುವಂತೆ ಹೇಳಿದೆ. ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯ.

ಅವನು ತಿರುಗಲಿಲ್ಲ. ರೊಟ್ಟಿ ಅಗಿಯುತ್ತಲೇ, "ಅಕ್ಕೋರೆ, ದನಿ ಸ್ವಲ್ಪ ಸಣ್ಣ ಮಾಡ್ರಿ. ಅದು ಬರ್ಲಾಕತ್ತದ" ಎಂದ.

ಕನ್ನಡದವನೇ! ನಾನು ಫೋನು ಕೆಳಗಿಳಿಸಿದೆ. ನಾಯಿ ನಿಜಕ್ಕೂ ಬರುತ್ತಿತ್ತು. ಮೊದಲು ಮೂತಿ, ಆಮೇಲೆ ಒಂದು ಕಾಲು. ಅವನು ಅದರ ಕಡೆ ನೋಡದೆ, "ಮೊನ್ನೆ ತಂದ ಜೋಳಕ್ಕ ಹುಳ ಬಿದ್ದಾವ ನೋಡು, ಅಂಗಡಿಯಾವಗ ಹೇಳಿದ್ರ ನನಗ ಬೈತಾನ" ಎಂದು ಮನೆಯವರ ಹತ್ತಿರ ದೂರು ಹೇಳುವವನ ಹಾಗೆ ಹೇಳುತ್ತಲೇ ಇದ್ದ. ನಾಯಿ ಅವನ ಭುಜ ಮೂಸಿತು, ಕೈಯಿಂದ ರೊಟ್ಟಿ ತೆಗೆದುಕೊಂಡಿತು. ಆಗ ಅವನು ಗೋಣಿಚೀಲವನ್ನು ಅದರ ಮೇಲೆ ಹೊದಿಸಿ, ತಬ್ಬಿ ಎತ್ತಿಕೊಂಡು ವ್ಯಾನಿನ ಒಳಗೆ ಇಟ್ಟ. ಕತ್ತು ಹಿಡಿಯುವ ಇಕ್ಕಳ ಇಲ್ಲ, ಹೊಡೆತ ಇಲ್ಲ, ಒಂದು ಕುಂಯ್ ಎಂಬ ಶಬ್ದವೂ ಇಲ್ಲ.

"ಎಲ್ಲಿಗೆ ಒಯ್ಯುವುದು?" ಎಂದೆ.

"ಆಪರೇಷನ್‌ಗೆ ಅಕ್ಕೋರೆ. ಮರಿ ಆಗದಂಗ ಮಾಡಿ, ಹುಚ್ಚು ಹಿಡೀದಂಗ ಸೂಜಿ ಹಾಕಿ, ತಿರುಗಿ ಇಲ್ಲೇ ತಂದು ಬಿಡ್ತೀವಿ."

"ಇಲ್ಲೇ? ಇದು ಇಲ್ಲಿಂದ ತೊಲಗಲಿ ಅಂತಲ್ವಾ ನಿನ್ನನ್ನು ಕರೆದದ್ದು!"

"ಇದನ್ನ ತೊಲಗಿಸಿದ್ರ ಈ ಜಾಗಾಕ್ಕ ಬ್ಯಾರೆ ನಾಯಿ ಬರ್ತಾವ್ರಿ, ಸೂಜಿ ಇಲ್ಲದ್ದು. ಕಾಯಿದೆನೂ ಹಂಗೇ ಅದ, ಎಲ್ಲಿ ಹಿಡಿದೀವೋ ಅಲ್ಲೇ ಬಿಡಬೇಕು. ಇದು ಹ್ಯಾಂಗೂ ನಿಮ್ಮನ್ನ ಕಂಡದ. ನಿಮ್ಮ ದನಿ ಅಂತೂ ಇದು ಮರಿಯಂಗಿಲ್ಲ."

ಹೀಗೆ ನನ್ನನ್ನೇ ಕಿಚಾಯಿಸಿ ಹೊರಟುಹೋದ. ಹೇಳಿದ ಹಾಗೇ ನಾಯಿಯನ್ನು ತಂದು ಬಿಟ್ಟ, ಎಡಕಿವಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು ಇತ್ತು. ಇದರ ಆಪರೇಷನ್ ಆಗಿದೆ, ಮತ್ತೆ ಹಿಡಿಯಬೇಕಾಗಿಲ್ಲ ಎಂದು ದೂರದಿಂದ ಗುರುತಿಸಲು ಆ ಕಚ್ಚು, ಮಂಪರಿನಲ್ಲಿ ಇರುವಾಗಲೇ ಹಾಕುತ್ತಾರೆ ಎಂದು ವಿವರಿಸಿದ. ಆಮೇಲೆ ಅವನು ನಮ್ಮ ಹೋಟೆಲಿಗೆ ಬರತೊಡಗಿದ. ಮಿಕ್ಕ ಅನ್ನವನ್ನು ಡಬ್ಬದಲ್ಲಿ ತುಂಬಿಕೊಂಡು ಆಪರೇಷನ್ ಆಗಿ ಆಸ್ಪತ್ರೆಯ ಗೂಡಿನಲ್ಲಿ ಇರುವ ನಾಯಿಗಳಿಗೆ ಒಯ್ಯುತ್ತಿದ್ದ. ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ನಾನೂ ಹೋಟೆಲಿನಲ್ಲೇ ಇರುತ್ತೇನೆ. ಅವನ ಕಥೆ ತುಂಡುತುಂಡಾಗಿ ಗೊತ್ತಾದದ್ದು ಅಲ್ಲಿಯೇ.

ಯಾದಗಿರಿ ಕಡೆಯವನು, ಕುರಿ ಕಾಯುವ ಮನೆತನ. ಹುಡುಗನಿದ್ದಾಗ ಕುರಿಯ ಹಿಂದೆ ತಿರುಗಿದವನು ಮೀಸೆ ಬಂದ ಮೇಲೆ ಕಲ್ಯಾಣದ ಮಾರ್ಕೆಟ್ಟಿಗೆ ಹಮಾಲಿಗೆ ಬಂದ. ಈರುಳ್ಳಿ ಮೂಟೆ ಹೊರುವಾಗ ಒಮ್ಮೆ ಲಾರಿಯ ಮೇಲಿಂದ ಮೂಟೆ ಜಾರಿ ಬೆನ್ನಿನ ಮೇಲೆ ಬಿತ್ತು. ಹಾಸಿಗೆ ಹಿಡಿದ. ಇನ್ನು ನಡೆಯುವುದು ಅನುಮಾನ ಎಂದು ಎಲ್ಲರೂ ಅಂದುಕೊಂಡಾಗ ಅವನ ಹೆಂಡತಿ ದಾನಮ್ಮ ತಮ್ಮ ಮನೆದೇವರು ಮೈಲಾರದ ಮಲ್ಲಯ್ಯನಿಗೆ ಹರಕೆ ಹೊತ್ತಳು, ಗಂಡ ಎದ್ದು ನಡೆದರೆ ದೋಣಿಗೆ ಕೂರಿಸುತ್ತೇನೆ ಎಂದು.

ನಾನು ಕರಾವಳಿಯವಳು, ನನಗೆ ದೋಣಿ ಎಂದರೆ ಮೀನಿನದು. "ಡೊಂಬಿವಲಿಯಲ್ಲಿ ಎಲ್ಲಿಯ ದೋಣಿ?" ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟ. ಅವರಲ್ಲಿ ದೋಣಿ ಎಂದರೆ ಮರದ ಉದ್ದನೆಯ ಬೋಗುಣಿ. ಅದರಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ, ಹೋಳಿಗೆ ಎಲ್ಲ ಕಲಸಿ ಇಡುತ್ತಾರೆ. ಪಾಳಿ ಬಂದವನು ಉಪವಾಸವಿದ್ದು, ಕರಿ ಕಂಬಳಿ ಹೊದ್ದು, ನಾಲ್ಕು ಕಾಲಿನ ಮೇಲೆ ಬಂದು, ಬೊಗಳಿ, ಕೈ ಹಚ್ಚದೆ ಬಾಯಿಯಿಂದಲೇ ಉಣ್ಣಬೇಕು.

"ನಾವು ಮಲ್ಲಯ್ಯನ ನಾಯಿಗೋಳು ಅಕ್ಕೋರೆ" ಎಂದ. ನಾಚಿಕೆಯಿಲ್ಲ, ಜಂಬವೂ ಇಲ್ಲ, ನಾವು ಇಂಥ ಊರಿನವರು ಎನ್ನುವ ಹಾಗೆ ಹೇಳಿದ. "ದೋಣಿ ಉಂಡಾವ ಬಾಗಿಲಿಗೆ ಬಂದ್ರ ರೊಟ್ಟಿ ಇಲ್ಲ ಅನ್ನಂಗಿಲ್ಲ. ಅವಗ ಇಲ್ಲ ಅಂದ್ರ ಮಲ್ಲಯ್ಯಗ ಇಲ್ಲ ಅಂದಂಗ."

ದಾನಮ್ಮನ ಹರಕೆಯೋ, ಆಸ್ಪತ್ರೆಯೋ, ಅಂತೂ ಶಂಕ್ರೆಪ್ಪ ಎದ್ದ. ಆದರೆ ಮೂಟೆ ಹೊರುವ ಬೆನ್ನು ಉಳಿಯಲಿಲ್ಲ. ಮಾರ್ಕೆಟ್ಟಿನ ಲಾರಿಗಳ ಕೆಳಗೆ ಕೂತ ನಾಯಿಗಳನ್ನು ರೊಟ್ಟಿ ತೋರಿಸಿ ಹೊರಗೆ ಕರೆಯುವುದು ಅವನ ಕೆಲಸವಾಯಿತು, ಅದನ್ನು ನೋಡಿದ, ನಾಯಿಗಳಿಗೆ ಆಪರೇಷನ್ ಮಾಡಿಸುವ ಸಂಸ್ಥೆಯವರು ವ್ಯಾನಿಗೆ ಸೇರಿಸಿಕೊಂಡರು. ಬೆನ್ನು ಬಗ್ಗುವುದಿಲ್ಲ, ಓಡಲು ಆಗುವುದಿಲ್ಲ, ಅದಕ್ಕೇ ಕೂತು ಹಿಡಿಯುವ ರೂಢಿ. ಹರಕೆ ಮಾತ್ರ ಬಾಕಿ ಉಳಿಯಿತು. ಅವರ ಚಾಳಿನಲ್ಲಿ, ಎಂದರೆ ಅವರ ಮನೆಗಳ ಸಾಲಿನಲ್ಲಿ, ವರ್ಷಕ್ಕೆ ಒಬ್ಬನಿಗೇ ದೋಣಿ, ಪಾಳಿ ಮನೆಯಿಂದ ಮನೆಗೆ ಹೋಗುತ್ತದೆ. ಅವನ ಪಾಳಿ ಬರುವ ಮೊದಲೇ ದಾನಮ್ಮ ಕಾಮಾಲೆಯಿಂದ ತೀರಿಕೊಂಡಳು. ಹರಕೆ ಹೊತ್ತವಳು ಹೋದಳು, ತೀರಿಸಬೇಕಾದವನು ಉಳಿದ. "ಅದೊಂದು ತೀರಿದ್ರ ಸತ್ತ ಮ್ಯಾಲ ಆಕಿ ಮುಖ ನೋಡ್ಲಾಕ ನನಗ ನಾಚಿಕಿಲ್ಲ" ಎಂದು ಅವನು ನನ್ನ ಗಂಡನ ಹತ್ತಿರ ಹೇಳುತ್ತಿದ್ದ. ಈ ವರ್ಷ ಅವನ ಪಾಳಿ.

ಅವರ ಚಾಳು ಇರುವುದು ನಮ್ಮ ಬಿಲ್ಡಿಂಗಿನ ಹಿಂದೆಯೇ, ಎಂಐಡಿಸಿ ಫ್ಯಾಕ್ಟರಿಗಳಿಗೆ ಹೋಗುವ ದಪ್ಪ ನೀರಿನ ಪೈಪಿನ ಆಚೆ. ತಗಡಿನ ಮನೆಗಳು, ಎಲ್ಲ ಅವರ ಕಡೆಯ ಜನ. ಗಂಡಸರು ಫ್ಯಾಕ್ಟರಿಗೆ, ಲೋಡಿಂಗಿಗೆ, ಹೆಂಗಸರು ಬಿಲ್ಡಿಂಗ್ ಕೆಲಸಕ್ಕೆ. ಅಲ್ಲಿ ಮಾತು ನಡೆಯುವುದು ಮರಗಮ್ಮನದು. ಮರಗಮ್ಮ ಶಂಕ್ರೆಪ್ಪನ ಸೋದರತ್ತೆ, ದಾನಮ್ಮನ ತಾಯಿ, ಎಂದರೆ ಅತ್ತೆಯೂ ಹೌದು, ಹೆಣ್ಣು ಕೊಟ್ಟವಳೂ ಹೌದು. ಎಲೆಯಡಿಕೆ ಬಾಯಲ್ಲಿ ಇಟ್ಟುಕೊಂಡು ಅವಳು ಒಂದು ಸಲ ಕೆಮ್ಮಿದರೆ ಚಾಳಿನ ಗಂಡಸರು ಬೀಡಿ ಬಿಸಾಡುತ್ತಾರೆ. ಆ ಚಾಳಿನಲ್ಲಿ ನಾಯಿಗಳ ಒಂದು ಗುಂಪು ಇತ್ತು. ಅವುಗಳಿಗೆಲ್ಲ ಹಿರಿಯಳು ಕೆಂಚಿ ಎಂಬ ಕಂದು ಬಣ್ಣದ ಹೆಣ್ಣುನಾಯಿ. ಪ್ರತಿ ಸಲ ಮರಿ ಹಾಕುವುದು, ಮರಿಗಳು ಟ್ಯಾಂಕರಿನ ಗಾಲಿಗೆ ಸಿಕ್ಕುವುದು, ತಾಯಿ ಅಲ್ಲೇ ಕೂತು ಊಳಿಡುವುದು, ಇದೇ ನಡೆದಿತ್ತು. ಶಂಕ್ರೆಪ್ಪ ಅತ್ತೆಯ ಕಾಲಿಗೆ ಬಿದ್ದು ಒಪ್ಪಿಸಿದ. "ತಿರುಗಿ ಇಲ್ಲೇ ತಂದು ಬಿಡ್ತಿಯಿಲ್ಲ?" ಎಂದಷ್ಟೇ ಅವಳು ಕೇಳಿದ್ದು. ಕೆಂಚಿಯನ್ನೂ ಅವಳ ಬಳಗವನ್ನೂ ಒಯ್ದು, ಆಪರೇಷನ್ ಮಾಡಿಸಿ, ಸೂಜಿ ಹಾಕಿಸಿ, ಗಾಯ ಮಾಗಿದ ಮೇಲೆ ತಂದು ಬಿಟ್ಟ. ಕೆಲಸ ಚೊಕ್ಕವಾಯಿತು ಎಂದು ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಅಲ್ಲಿಂದ ಶುರುವಾಯಿತು ನನ್ನ ಕರ್ಮ. ಆ ನಾಯಿಗಳೆಲ್ಲ ಪೈಪು ದಾಟಿ ನಮ್ಮ ಬಿಲ್ಡಿಂಗಿಗೆ ಬರತೊಡಗಿದವು. ಮೊದಲು ಯಾವತ್ತೂ ಹೀಗೆ ಬಂದದ್ದಿಲ್ಲ. ಕಸದ ಡಬ್ಬ ಉರುಳಿಸುವುದು, ಸ್ವಿಗ್ಗಿಯವರ ಚೀಲಕ್ಕೆ ಬಾಯಿ ಹಾಕುವುದು, ಸ್ಕೂಟರಿನ ಹಿಂದೆ ಓಡುವುದು. ನನ್ನ ಮಗಳು ರಮಿತಾ ಕಾಲೇಜಿನಿಂದ ಬರುವಾಗ ಕೆಂಚಿ ಅಟ್ಟಿಸಿಕೊಂಡು ಬಂದು, ಅವಳು ಸ್ಕೂಟರ್ ಸಮೇತ ಬಿದ್ದು ಮೊಣಕಾಲು ಕೆತ್ತಿಸಿಕೊಂಡಳು. "ಮಮ್ಮಿ, ಮೈ ಉಸ್ ಗೇಟ್ ಸೇ ನಹೀ ಜಾಊಂಗಿ, ಬಸ್!" ಎಂದು, ಆ ಗೇಟಿನಿಂದ ಇನ್ನು ಹೋಗುವುದೇ ಇಲ್ಲ ಎಂದು ಅತ್ತಳು. ನಾನು ಕನ್ನಡದಲ್ಲಿ ಬೈದರೂ ಅವಳು ಅಳುವುದು ಹಿಂದಿಯಲ್ಲೇ.

ಸೊಸೈಟಿ ಮೀಟಿಂಗ್ ಆಯಿತು. ಸೆಕ್ರೆಟರಿ ಯಶ್ವಂತ್ ಒಬ್ಬ ಟೆಂಪೋದವನನ್ನು ಗೊತ್ತು ಮಾಡಿದ್ದ. ಭಾನುವಾರ ಮಧ್ಯಾಹ್ನ ಬಂದು ನಾಯಿಗಳನ್ನು ತುಂಬಿಕೊಂಡು ಬದಲಾಪುರದ ಆಚೆ ಕಾಡಿನ ಕಡೆ ಬಿಟ್ಟುಬರುತ್ತಾನಂತೆ. "ಸಂಡೇಕೋ ಕಾಮ್ ಖತಮ್, ಕಿಸೀಕೋ ಪತಾ ಭೀ ನಹೀ ಚಲೇಗಾ" ಎಂದ, ಯಾರಿಗೂ ಗೊತ್ತೂ ಆಗುವುದಿಲ್ಲವಂತೆ. ಅದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು. ಆದರೂ ಕೈ ಎತ್ತಿದೆ. ಮಗಳ ಮೊಣಕಾಲು ನೋಡಿದ ತಾಯಿ ಕಾನೂನು ನೋಡುತ್ತಾಳೆಯೇ?

ಮರುದಿನ ಶಂಕ್ರೆಪ್ಪ ಡಬ್ಬ ಹಿಡಿದು ಹೋಟೆಲಿಗೆ ಬಂದಾಗ ಅವನ ಮುಖಕ್ಕೇ ಹೇಳಿದೆ. "ನಿನ್ನ ನಾಯಿಗಳನ್ನು ಭಾನುವಾರ ಟೆಂಪೋಕ್ಕೆ ಹಾಕುತ್ತಾರೆ. ನನ್ನ ಒಪ್ಪಿಗೆಯೂ ಉಂಟು. ನೀನು ಆಪರೇಷನ್ ಮಾಡಿಸಿದ ಮೇಲೆಯೇ ಇವಕ್ಕೆ ಈ ಬುದ್ಧಿ ಬಂದದ್ದು. ಎಂತ ಮಾಡಿದ್ದು ನೀನು ಅವಕ್ಕೆ?"

ಅವನ ಕೈಯಿಂದ ಡಬ್ಬ ಕೆಳಗೆ ಬೀಳದಿದ್ದದ್ದೇ ಹೆಚ್ಚು. "ಬ್ಯಾರೆ ಕಡಿ ಬಿಟ್ರ ಅಲ್ಲಿನ ನಾಯಿ ಹರಿದು ತಿಂತಾವ್ರಿ ಅಕ್ಕೋರೆ" ಎಂದ. ಡಬ್ಬವನ್ನು ಮೇಜಿನ ಮೇಲಿಟ್ಟು, "ಅವು ಹಸಿದಾವ. ನಾನು ಕೆಲಸದ ಮ್ಯಾಲ ಇರ್ತೀನಿ, ರಾತ್ರಿ ಎರಡು ರೊಟ್ಟಿ ಹಾಕಿದ್ರ ಎಷ್ಟಕ್ಕಾತು? ಯಾಕೋ ಚಾಳಿನಾಗ ಯಾರೂ ಹಾಕ್ಲಾಕತ್ತಿಲ್ಲ. ಕೇಳಿದ್ರ ಮಾರಿ ತಿರುವ್ತಾರ" ಎಂದ.

"ಯಾಕೆ ಹಾಕುವುದಿಲ್ಲ? ನಡಿ, ನಾನೇ ಕೇಳ್ತೇನೆ" ಎಂದು ಎದ್ದೆ. ನನ್ನ ಗಂಡ ಗಲ್ಲಾದಿಂದಲೇ, "ನೀನು ಹೋದ್ರೆ ನಾಯಿಗಳೇ ಊರು ಬಿಟ್ಟು ಹೋದಾವು, ಟೆಂಪೋ ಬೇಡ" ಎಂದರು. ಆ ಮಾತಿಗೆ ಉತ್ತರವನ್ನು ಮನೆಗೆ ಬಂದ ಮೇಲೆ ಕೊಟ್ಟೆ.

ಮರಗಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ನಿಂತಲ್ಲೇ ಶುರು ಮಾಡಿದೆ. "ನೋಡಿ ಅಮ್ಮಾ, ಇಷ್ಟು ವರ್ಷ ನೀವು ಸಾಕಿದ ನಾಯಿಗಳು. ಈಗ ಅನ್ನ ನಿಲ್ಲಿಸಿ ನಮ್ಮ ಮೇಲೆ ಬಿಟ್ಟಿದ್ದೀರಲ್ಲ, ಇದು ಯಾವ ನ್ಯಾಯ?"

ಅವಳು ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೂಡ್ರಿ ತಾಯಿ" ಎಂದಳು. ನಾನು ಕೂತೆ. "ನಮ್ಮವು ಇದ್ದಾಗ ನಾವು ಹಾಕಿದೀವಿ. ಈಗ ಅವು ನಮ್ಮವಲ್ಲ. ಕಿವಿಗಿ ಕಚ್ಚು ಬಿದ್ದದಲ್ಲ, ನೋಡಿಲ್ಲೇನು?"

"ಕಚ್ಚು ಬಿದ್ದರೆ ಏನಾಯ್ತು?"

"ನೀವು ಕುರಿ ಕಂಡವರಲ್ಲ ಬಿಡ್ರಿ. ನಮ್ಮಲ್ಲಿ ಹಿಂಡು ಹಿಂಡು ಕೂಡಿದಾಗ ಯಾರ ಕುರಿ ಯಾವುದು ಅಂತ ತಿಳಿಯೋದು ಕಿವಿ ಕಚ್ಚಿನ ಮ್ಯಾಲ. ಒಬ್ಬರ ಕಚ್ಚು ಇದ್ದ ಕುರಿಗಿ ಇನ್ನೊಬ್ಬರು ಮೇವು ಹಾಕಬಾರದು. ಹಾಕಿದ್ರ ಅದನ್ನ ಒಲಿಸಿಕೊಳ್ಳಾಕ ಹಾಕಿದ್ರು ಅಂತಾರ. ಕಳ್ಳತನ ಆಗ್ತದ. ಈ ನಾಯಿಗೋಳಿಗಿ ಸರ್ಕಾರ ಕಚ್ಚು ಹಾಕ್ಯಾದ. ಸರ್ಕಾರದ ಮಾಲು. ಸರ್ಕಾರವೇ ಉಣಿಸ್ಲಿ. ನಾಳೆ ಯಾವನಾದ್ರು ಬಂದು, ನಮ್ಮ ನಾಯಿಗಿ ಯಾಕ ರೊಟ್ಟಿ ಹಾಕಿದ್ರಿ ಅಂದ್ರ ನಾವೇನು ಹೇಳೂಣು?"

ನಾನು ಶಂಕ್ರೆಪ್ಪನ ಕಡೆ ನೋಡಿದೆ. ಅವನು ಹಣೆ ಹಣೆ ಬಡಿದುಕೊಂಡ. "ನಾನೂ ಕುರಿ ಕಾದಾವ ಅಕ್ಕೋರೆ. ನಮ್ಮಪ್ಪ ಕಚ್ಚು ಹಾಕೂ ಮುಂದ ಮರಿ ಹಿಡ್ಕೊಂಡು ಕೂತಾವ ನಾನು. ದಿನಾ ಅದೇ ಕೆಲಸ ನೋಡಿ ನೋಡಿ ನನಗ ಹೊಳೀಲೇ ಇಲ್ಲ!"

ಅತ್ತೆಗೆ ತಿಳಿಹೇಳಿದ. ಕೇಳಲಿಲ್ಲ. ಸಂಸ್ಥೆಯ ಡಾಕ್ಟರಮ್ಮನನ್ನು ಕರೆದುಕೊಂಡು ಬಂದ. ಮರಗಮ್ಮ ಅವಳ ಮಾತನ್ನು ಕೊನೆಯತನಕ ಕೇಳಿದಳು, ಚಹಾ ಕೊಟ್ಟಳು, ಗ್ಲಾಸು ತೊಳೆದಿಟ್ಟಳು, ಅಷ್ಟೇ. ಆ ಮೇಡಮ್ ಹೋದ ಮೇಲೆ ಶಂಕ್ರೆಪ್ಪನಿಗೆ ಅವಳು ಹೇಳಿದ್ದು ಇನ್ನೂ ಖಾರವಾಗಿತ್ತು. "ಆಕಿ ಓದಿದಾಕಿ, ಆಕಿ ಮಾತು ಆಕಿಗಿ ಖರೆ. ನೀ ಮಲ್ಲಯ್ಯನ ನಾಯಿ ಆಗಿ ನಾಯಿ ಕಿವಿ ಕೊಯ್ಸಿದಿ. ಆದ್ರೂ ದೋಣಿಗಿ ಕೂಡಬ್ಯಾಡ ಅಂತ ನಾ ಅನ್ನಂಗಿಲ್ಲ. ಅದು ನನ್ನ ಮಗಳ ಹರಕಿ. ಭಾನುವಾರ ಬಂದು ಕೂಡು. ಇನ್ನೊಂದು ಮಾತು ತೆಗೀಬ್ಯಾಡ."

ದೋಣಿಯ ದಿನವೂ ಅದೇ ಭಾನುವಾರ. ಬೆಳಿಗ್ಗೆ ದೋಣಿ, ಮಧ್ಯಾಹ್ನ ಟೆಂಪೋ.

ನನ್ನ ಗಂಡ ಹೋಟೆಲಿನಿಂದ ಒಂದು ಗೊನೆ ಬಾಳೆಹಣ್ಣು ಕಳಿಸಿದ್ದರು. ಅದರ ಜೊತೆ ನಾನೂ ಹೋದೆ. ಹೋಗಬೇಕೆಂದು ಯಾರೂ ಹೇಳಿರಲಿಲ್ಲ, ಆದರೆ ಹಿಂದಿನ ರಾತ್ರಿ ಊಟ ಸೇರಿರಲಿಲ್ಲ. ಚಾಳಿನ ತುದಿಯಲ್ಲಿ ಪುಟ್ಟ ಗುಡಿ, ಅದರ ಮುಂದೆ ಸಾರಿಸಿದ ಅಂಗಳ. ಭಂಡಾರದ ಅರಿಶಿನ ಎಲ್ಲರ ಹಣೆಯ ಮೇಲೆ, ನೆಲದ ಮೇಲೆ, ನನ್ನ ಒಳ್ಳೆಯ ಸೀರೆಯ ಮೇಲೂ. ಇವರು "ಏಳುಕೋಟಿ ಏಳುಕೋಟಿ ಏಳುಕೋಟಿಗೋ" ಎಂದು ಕೂಗಿದರೆ ನೋಡಲು ಬಂದ ಮರಾಠಿ ಜನ "ಯಳಕೋಟ ಯಳಕೋಟ ಜಯ್ ಮಲ್ಹಾರ" ಎಂದು ಕೂಗುತ್ತಿದ್ದರು. ದೇವರು ಒಬ್ಬನೇ, ಗಲಾಟೆ ಮಾತ್ರ ಎರಡು ಭಾಷೆಯಲ್ಲಿ.

ಮರಗಮ್ಮ ದೋಣಿಗೆ ಹಾಲು ಸುರಿದಳು. ಹಣ್ಣು ಹಿಚುಕಿದಳು, ಹೋಳಿಗೆ ಮುರಿದು ಹಾಕಿದಳು. ಹಾಕುವಾಗ "ದಾನೀ, ನಿನ್ನ ಹರಕಿ ತೀರ್ತವ್ವ" ಎಂದು ಸಣ್ಣಗೆ ಹೇಳಿದ್ದು ನನಗೆ ಕೇಳಿಸಿತು. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಶಂಕ್ರೆಪ್ಪ ಕರಿ ಕಂಬಳಿ ಹೊದ್ದು ಗುಡಿಯ ಹಿಂದಿನಿಂದ ಬಂದ. ಉಪವಾಸದಿಂದ ಮುಖ ಇಳಿದಿತ್ತು. ಬಗ್ಗದ ಬೆನ್ನನ್ನು ಬಗ್ಗಿಸಿ, ಹಲ್ಲು ಕಚ್ಚಿ, ಕೈ ಮೊಣಕಾಲು ಊರಿ ಅಂಗಳಕ್ಕೆ ಬಂದ. ಎಲ್ಲರೂ ಅವನು ಬೊಗಳುವುದನ್ನೇ ಕಾಯುತ್ತಿದ್ದರು. ಬೊಗಳಬೇಕು, ಆಮೇಲೆ ಬಾಯಿ ಹಾಕಬೇಕು.

ಅವನು ಬೊಗಳಲಿಲ್ಲ. ತಲೆ ಎತ್ತಿ ಜನರ ಕಾಲುಗಳ ಸಂದಿಯಲ್ಲಿ ನೋಡುತ್ತಿದ್ದ. ನಾನೂ ಅತ್ತ ತಿರುಗಿದೆ. ನೀರಿನ ಪೈಪಿನ ಬಳಿ ಕೆಂಚಿ ನಿಂತಿದ್ದಳು. ಪಕ್ಕೆಲುಬು ಎದ್ದು ಕಾಣುತ್ತಿತ್ತು. ಹಾಲಿನ ವಾಸನೆಗೆ ಮೂಗು ಅರಳಿಸಿದ್ದಳು, ಹತ್ತಿರ ಬರಲು ಧೈರ್ಯವಿಲ್ಲ. ಇಷ್ಟು ದಿನ ಬಂದಾಗಲೆಲ್ಲ ಬಾಗಿಲು ಹಾಕಿದ್ದೇ ಅವಳಿಗೆ ನೆನಪು.

ಶಂಕ್ರೆಪ್ಪ ಮೆಲ್ಲಗೆ ತಿರುಗಿ, ಕೆಂಚಿಗೆ ಬೆನ್ನು ಹಾಕಿ, ಕಾಲು ಚಾಚಿ ನೆಲದ ಮೇಲೆ ಕೂತುಬಿಟ್ಟ, ನಮ್ಮ ಪಾರ್ಕಿಂಗಿನಲ್ಲಿ ಕೂತಿದ್ದ ಹಾಗೆಯೇ. ದೋಣಿಯಿಂದ ಒಂದು ತುಂಡು ಹೋಳಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕೈ ಹಚ್ಚಬಾರದ ದೋಣಿಗೆ ಕೈ ಹಚ್ಚಿದ್ದ! ಜನ ಹಾ ಎಂದರು. ಅವನು ತನ್ನಷ್ಟಕ್ಕೆ ಮಾತಾಡತೊಡಗಿದ.

"ಹೋಳಿಗಿ ಮಸ್ತ್ ಆಗ್ಯಾವ ನೋಡು. ಬೆಲ್ಲ ಸ್ವಲ್ಪ ಜಾಸ್ತಿ. ದಾನಿ ಮಾಡಿದ್ರ ಇನ್ನಷ್ಟು ಹಾಕ್ತಿದ್ದಳು. ಆಕಿ ಕೈ ದೊಡ್ಡದು. ನಿನಗೂ ಎಷ್ಟ್ ಹಾಕ್ಯಾಳ, ಮರ್ತಿಯೇನು?"

ಕೆಂಚಿ ಬಂದಳು. ಜನ ತಾವಾಗಿಯೇ ಸರಿದರು. ಅವನ ಭುಜ ಮೂಸಿದಳು, ಹೋಳಿಗೆ ತಿಂದಳು, ಆಮೇಲೆ ಅವನನ್ನು ದಾಟಿ ಸೀದಾ ದೋಣಿಗೆ ಬಾಯಿ ಹಾಕಿದಳು. ಚಪ್ ಚಪ್ ಎಂದು ಹಾಲು ನೆಕ್ಕುವ ಶಬ್ದ ಬಿಟ್ಟರೆ ಅಂಗಳದಲ್ಲಿ ಬೇರೆ ಶಬ್ದವಿಲ್ಲ.

ಆಮೇಲೆ ಒಮ್ಮೆಲೇ ಗದ್ದಲ. ಇಬ್ಬರು ಗಂಡಸರು ಕೋಲು ಎತ್ತಿಕೊಂಡು ಮುಂದೆ ಬಂದರು. ಶಂಕ್ರೆಪ್ಪ ಕಂಬಳಿಯ ಸಮೇತ ನಾಯಿಯ ಮೇಲೆ ಅಡ್ಡ ಬಿದ್ದ. "ಹೊಡೀಬ್ಯಾಡ್ರಿ!" ಎಂದು ಕೂಗಿ, ಅತ್ತೆಯ ಕಡೆ ತಿರುಗಿದ. "ಅತ್ತಿ, ನೀ ಹೇಳು. ದೋಣಿ ಉಂಡ ನಾಯಿ ಯಾರದು?"

ಮರಗಮ್ಮ ಹಾಲಿನ ಚೆಂಬನ್ನು ಕೆಳಗಿಟ್ಟಳು.

"ಕಿವಿ ಕಚ್ಚು ಸರ್ಕಾರದ್ದು ಇರ್ಲಿ ಅತ್ತಿ. ಬಾಯಿ ಯಾರದು? ದೋಣಿ ಉಂಡ ಬಾಯಿ."

"ಮಲ್ಲಯ್ಯಂದು" ಎಂದಳು ಮರಗಮ್ಮ. ಕೋಲು ಹಿಡಿದವರು ಕೋಲು ಇಳಿಸಿದರು. ಆಮೇಲೆ ಅವಳು ಸಿಟ್ಟಿನಿಂದ ಕಿರುಚಿದಳು. "ಮಲ್ಲಯ್ಯಂದು! ಆತಿಲ್ಲ ನಿನ್ನ ಸಮಾಧಾನ? ನಿನ್ನ ಪಾಳಿ ಹೋತು. ಇನ್ನ ಅಷ್ಟೂ ಮನಿ ಸುತ್ತಿ ಬರೂತನಕ ನಾನೂ ಇರಂಗಿಲ್ಲ, ನೀನೂ ಇರ್ತಿಯೋ ಇಲ್ಲೋ. ನನ್ನ ಮಗಳ ಹರಕಿ ನಾಯಿಗಿ ಹಾಕಿದೆಲ್ಲೋ ಭಾಡ್ಯಾ!"

ಶಂಕ್ರೆಪ್ಪ ಎದ್ದು ಕೂತ. ಅವನ ಕಣ್ಣಿನಿಂದ ನೀರು ಇಳಿದು ಭಂಡಾರದ ಅರಿಶಿನದ ಮೇಲೆ ಗೆರೆ ಮೂಡಿಸಿತ್ತು. "ಗೊತ್ತದ ಅತ್ತಿ" ಎಂದ. "ಇದನ್ನ ಇವತ್ತ ಟೆಂಪೋದಾಗ ಹಾಕಿ ಒಯ್ತಾರ. ದಾನಿ ಕಾಮಾಲಿ ಆಗಿ ಮಲಗಿದಾಗ ಇದರ ಅವ್ವ ಬಾಗಿಲಾಗ ಕಾವಲಾ ಕೂತಿತ್ತು, ನಿನಗೂ ನೆನಪದ. ಆಕಿ ಇದ್ರ ಏನ್ ಮಾಡ್ತಿದ್ದಳು, ನೀನೇ ಹೇಳು. ಬೈತಿದ್ದಳಾ?"

ಮರಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಷ್ಟರಲ್ಲಿ ಕೆಂಚಿ ದೋಣಿಯಿಂದ ತಲೆ ಎತ್ತಿದಳು. ಅಷ್ಟು ಹಸಿದ ನಾಯಿ ಪೂರ್ತಿ ನೆಕ್ಕಿಬಿಡುತ್ತದೆ ಎಂದುಕೊಂಡಿದ್ದೆ. ಒಣಗಿದ ಹೊಟ್ಟೆಗೆ ಒಮ್ಮೆಲೇ ಅಷ್ಟು ಹಿಡಿಯಲಿಲ್ಲವೋ ಏನೋ, ಅರ್ಧ ಹಾಗೇ ಉಳಿದಿತ್ತು. ಅವಳು ಮೂತಿ ನೆಕ್ಕಿಕೊಂಡು ಶಂಕ್ರೆಪ್ಪನ ಪಕ್ಕದಲ್ಲಿ ಬಂದು ಮಲಗಿದಳು. ಮರಗಮ್ಮ ದೋಣಿಯ ಒಳಗೆ ಬಗ್ಗಿ ನೋಡಿದಳು. ನಾಯಿಯನ್ನು ನೋಡಿದಳು. ಅಳಿಯನನ್ನು ನೋಡಿದಳು.

ಅವಳು ದೋಣಿಯನ್ನು ಕಾಲಿನಿಂದಲ್ಲ, ಎರಡೂ ಕೈಯಿಂದ ಅವನ ಮುಂದೆ ನೂಕಿದಳು.

"ನಿನಗಂತ ಉಳಿಸ್ಯಾಳ" ಎಂದಳು. "ನಾಯಿ ನಾಯಿ ಜೋಡಿ ಉಂಡ್ರ ಪಾಳಿ ಹ್ಯಾಂಗ ಹೋಗ್ತದ? ಉಣ್ಣಲೇ ಮೂಳಾ. ನನ್ನ ಮಗಳು ಕಾದು ಕಾದು ಹೋಗ್ಯಾಳ."

ನಾನು ಹೋಟೆಲಿನ ಹೆಂಗಸು. ನಾಯಿ ಮೂಸಿದ ತಟ್ಟೆಯನ್ನು ಬಿಸಾಡುವವಳು. ಆ ನಾಯಿಗೆ ಸೂಜಿ ಆಗಿದೆ ಎಂದು ಗೊತ್ತಿದ್ದರೂ ಎರಡು ಹೆಜ್ಜೆ ಹಿಂದೆ ಸರಿದೆ. ಆದರೂ ಮುಖ ತಿರುಗಿಸೋಣ ಎಂದರೆ ಆಗಲಿಲ್ಲ. ಶಂಕ್ರೆಪ್ಪ ಮತ್ತೆ ಬೆನ್ನು ಬಗ್ಗಿಸಿ, ನೋವಿಗೆ ಹಲ್ಲು ಕಚ್ಚಿ, ಕೈ ಊರಿದ. ತಲೆ ಎತ್ತಿ ಬೊಗಳಿದ. ಗಂಟಲು ಒಡೆದು ಅಳುವಂತೆ ಬಂತು ಆ ದನಿ. ಕೆಂಚಿ ದಡಕ್ಕನೆ ಎದ್ದು ತಿರುಗಿ ಬೊಗಳಿದಳು. ಅಳುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಅವನು ದೋಣಿಗೆ ಬಾಯಿ ಹಾಕಿದ, ಕೆಂಚಿಯೂ ಹಾಕಿದಳು, ಜನ ಏಳುಕೋಟಿ ಎಂದು ಕೂಗಿದರು.

ನಾನು ಪೈಪಿನ ಹತ್ತಿರ ಹೋಗಿ ಯಶ್ವಂತನಿಗೆ ಫೋನು ಮಾಡಿದೆ. ಟೆಂಪೋ ಬೇಡ ಎಂದೆ. ಅವನು ಯಾಕೆ ಏನು ಎಂದು ಶುರು ಮಾಡಿದ. ಟೆಂಪೋ ಗೇಟಿಗೆ ಬಂದರೆ ಅದರ ಮುಂದೆ ನಾನೇ ಅಡ್ಡ ಮಲಗುತ್ತೇನೆ, ನನ್ನ ತೂಕ ನಿಮಗೆ ಗೊತ್ತಲ್ಲ ಎಂದು ಹೇಳಿ ಫೋನು ಇಟ್ಟೆ. ತಿರುಗಿ ನೋಡಿದರೆ ಮರಗಮ್ಮ ಉಳಿದ ನಾಯಿಗಳನ್ನೂ ಒಂದೊಂದಾಗಿ ಕರೆದು, ದೋಣಿಯ ಅಂಚಿಗೆ ಹತ್ತಿದ ಹಾಲನ್ನು ಬೆರಳಿನಿಂದ ಬಳಿದು ಅವುಗಳ ಬಾಯಿಗೆ ಹಚ್ಚುತ್ತಿದ್ದಳು. ಒಂದನ್ನೂ ಬಿಡಲಿಲ್ಲ. ಹಚ್ಚಿದ ಮೇಲೆ ಆ ಕಚ್ಚು ಬಿದ್ದ ಕಿವಿಗೆ ಚಿಟಿಕೆ ಭಂಡಾರ ಇಟ್ಟು, "ಹೋಗ್, ಯಾರ ಬಾಗಿಲಿಗಾದ್ರೂ ಹೋಗ್" ಎನ್ನುತ್ತಿದ್ದಳು.

ಈಗ ಅವು ನಮ್ಮ ಬಿಲ್ಡಿಂಗಿಗೆ ಬರುವುದು ಅಪರೂಪ. ಶಂಕ್ರೆಪ್ಪ ದಿನವೂ ಡಬ್ಬ ಹಿಡಿದು ಬರುತ್ತಾನೆ. ಮೊನ್ನೆ ಕೇಳಿದೆ, "ಅವತ್ತು ಅದನ್ನೆಲ್ಲ ಮೊದಲೇ ಯೋಚನೆ ಮಾಡಿಕೊಂಡು ಬಂದಿದ್ದೆಯಾ?" ಎಂದು.

"ಇಲ್ರಿ ಅಕ್ಕೋರೆ" ಎಂದ. "ಹಸಿವಾಗಿತ್ತು. ನನಗಿಂತ ಅದಕ್ಕ ಜಾಸ್ತಿ ಆಗಿತ್ತು."

ಅನ್ನ ತುಂಬಿದ ಡಬ್ಬದ ಮುಚ್ಚಳ ಹಾಕುವಾಗ ನಾನು ಎರಡು ಇಡ್ಲಿ ಮೇಲೆ ಇಟ್ಟೆ. ಅವನಿಗೆಂದು ಇಟ್ಟದ್ದು, ನಾಯಿಗಲ್ಲ.